ಮೆಲುಕು

ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿಬಂದ ವಾಚಕರಿಗೆ ಕಾರಣಿಕವೆಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಹೋಗದವರಿಗಾಗಿ ಎರಡು ಮಾತು. ತುಂಗಭದ್ರೆಯ ತೀರದ ಆ ಹಳ್ಳಿಯಲ್ಲಿ ಜಾತ್ರೆಗೆಂದು ಲಕ್ಷಗಟ್ಟಲೆ ಜನ ನೆರೆಯುತ್ತಾರೆ. ಡೆಂಕನಮರಡಿಯ ಬಯಲಿನಲ್ಲಿ ಎತ್ತರವಾದ ಬಿಲ್ಲೊಂದನ್ನು ನಿಲ್ಲಿಸುತ್ತಾರೆ. ದಿನಗಟ್ಟಲೆ ಉಪವಾಸವ್ರತದಲ್ಲಿದ್ದ ಗೊರವಯ್ಯ ಅದನ್ನೇರುತ್ತಾನೆ. ‘ಸದ್ದಲೇ’ ಎಂಬ ಒಂದು ಕೂಗಿಗೆ ಆ ಜನಸಾಗರವೆಲ್ಲ ಉಸಿರು ಬಿಗಿಹಿಡಿದು ನಿಂತುಬಿಡುತ್ತದೆ. ಆಮೇಲೆ ನಾಲ್ಕೈದು ಪದಗಳ ಒಂದು ವಾಕ್ಯ, ಅಷ್ಟೆ. ಮರುಕ್ಷಣವೇ ಅವನು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಗೊರವಯ್ಯನ ಮೇಲೆ ಸ್ವಲ್ಪ ಅಸೂಯೆಯುಂಟಾದರೆ ಆಶ್ಚರ್ಯವಿಲ್ಲ. ನಾನು ಒಂದು ಗಂಟೆ ಗಂಟಲು ಹರಿದುಕೊಂಡರೂ ಕೊನೆಯ ಬೆಂಚಿನವರೆಗೆ ತಲುಪದ ಮಾತು, ಅವನ ಬಾಯಿಂದ ಹೊರಟ ಸಂಜೆಗೇ ಕೂಡ್ಲಿಗಿಯ ಹೊಲಗಳನ್ನು ಮುಟ್ಟಿರುತ್ತದೆ. ಅಲ್ಲಿಂದ ಒಂದು ವರ್ಷ ಪೂರ್ತಿ ಅದರ ಅರ್ಥವಿಚಾರ ನಡೆಯುತ್ತದೆ. ಹಡಗಲಿಯ ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿಯ ಮುಂದೆ ಕುಳಿತ ರೈತರು ಆ ಒಂದು ವಾಕ್ಯವನ್ನು ಪದಪದವಾಗಿ ಬಿಡಿಸಿ ನೋಡುವುದನ್ನು ಕೇಳಿದ್ದೇನೆ. ಇದು ಮಳೆಯ ಮಾತೆಂದು ಒಬ್ಬ. ಅಲ್ಲ, ಶೇಂಗಾದ ಧಾರಣೆಯ ಮಾತೆಂದು ಇನ್ನೊಬ್ಬ. ಎರಡೂ ಅಲ್ಲ, ಮಂತ್ರಿಮಂಡಲದ ಮಾತೆಂದು ಮೂರನೆಯವ. ಎಂ.ಎ. ತರಗತಿಯಲ್ಲಿ ನಾವು ಪಂಪನ ಪದ್ಯವನ್ನೂ ಇಷ್ಟು ಸೂಕ್ಷ್ಮವಾಗಿ ನೋಡಿದ್ದುಂಟೋ ಇಲ್ಲವೋ.

ಆದರೆ ನನ್ನ ಕುತೂಹಲವಿರುವುದು ಕಾರಣಿಕದ ದಿನದಲ್ಲಲ್ಲ, ಮರುವರ್ಷದ ಮಾತಿನಲ್ಲಿ. ವರ್ಷ ಕಳೆದ ಮೇಲೆ ಯಾರನ್ನು ಕೇಳಿದರೂ ತಾವು ಹೇಳಿದ ಅರ್ಥವೇ ಕೂಡಿಬಂದಿತೆನ್ನುತ್ತಾರೆ. ಮಳೆ ಬಂದಿದ್ದರೆ ಮಳೆಯೆಂದವನು ಗೆದ್ದ. ಬಾರದಿದ್ದರೆ, ‘ನಾನು ಆಗಲೇ ಅನುಮಾನಪಟ್ಟಿದ್ದೆ’ ಎಂದು ಅವನೇ ಮತ್ತೊಮ್ಮೆ ಗೆದ್ದ. ಇದರಲ್ಲಿ ಸುಳ್ಳು ಹೇಳುವ ಉದ್ದೇಶ ಯಾರಿಗೂ ಇಲ್ಲ. ಮನಸ್ಸಿನ ಸ್ವಭಾವವೇ ಹಾಗೆ. ಆದದ್ದರ ಅಳತೆಗೆ ತಕ್ಕಂತೆ ಹಿಂದಿನ ನೆನಪಿಗೆ ಅದು ಸದ್ದಿಲ್ಲದೆ ಹೊಸ ಅಂಗಿಯನ್ನು ಹೊಲಿದುಬಿಡುತ್ತದೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು ಎಳೆಯುತ್ತಿರುವಾಗಲೇ ಉರುಳಿಬಿದ್ದಿತಷ್ಟೆ. ಅದಾದ ಮೇಲೆ ತಿಂಗಳುಗಟ್ಟಲೆ ನಮ್ಮ ಸೀಮೆಯಲ್ಲಿ ‘ನನಗೆ ಮೊದಲೇ ಗೊತ್ತಿತ್ತು’ ಎನ್ನದವರನ್ನು ನಾನು ಕಾಣಲಿಲ್ಲ. ಅಷ್ಟು ಜನಕ್ಕೆ ನಿಜವಾಗಿ ಮೊದಲೇ ಗೊತ್ತಿದ್ದರೆ ತೇರಿನ ಮಿಣಿಯನ್ನು ಹಿಡಿಯುವುದಕ್ಕೆ ಕೈಗಳೆಲ್ಲಿಂದ ಬರುತ್ತಿದ್ದವು? ಮುಂದೆ ಹೊಸ ತೇರು ಬಂದಿತು. ಹೊಸ ತೇರನ್ನು ಕಟ್ಟುವವರ ಕೆಲಸ ‘ಗೊತ್ತಿತ್ತು’ ಎಂಬ ಮಾತಿನಿಂದ ನಡೆಯುವಂಥದಲ್ಲ. ಮರ ಯಾವುದು, ಅಚ್ಚು ಎಷ್ಟು ದಪ್ಪ, ಭಾರ ಎಲ್ಲಿ ಕೂರುತ್ತದೆ ಎಂದು ಒಂದೊಂದಾಗಿ ಕೇಳಿಕೊಂಡೇ ಅವರು ಉಳಿಯನ್ನು ಹಿಡಿಯಬೇಕು.

ಹಿಂದಿರುಗಿ ನೋಡುವುದರಲ್ಲಿ ಹೀಗೆ ಎರಡು ಬಗೆ. ಇವೆರಡರ ಅಂತರವನ್ನು ನನಗೆ ತೋರಿಸಿಕೊಟ್ಟದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ, ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ನನ್ನ ಸೋದರಮಾವನ ಮನೆಯ ಒಂದು ಗೋಡೆ.

ಮಾವ ಓದಿದ್ದು ನಾಲ್ಕನೆಯ ತರಗತಿ. ಮಳೆಯನ್ನೇ ನಂಬಿದ ಎಂಟು ಎಕರೆ ಹೊಲ. ನಡುಮನೆಯಲ್ಲಿ ಜೋಳದ ಚೀಲಗಳನ್ನು ಪೇರಿಸಿಡುತ್ತಿದ್ದ ಮೂಲೆಯ ಗೋಡೆಯ ಮೇಲೆ ಅವರು ಇದ್ದಿಲಿನಿಂದ ಬರೆಯುತ್ತಿದ್ದರು. ರೋಹಿಣಿ ಎಂದು ಬಂದಿತು, ಮೃಗಶಿರ ಎಷ್ಟು ದಿನ ಹಿಡಿಯಿತು, ಆರಿದ್ರೆ ಕೈಕೊಟ್ಟಿತೋ ಹೇಗೆ, ಕೂರಿಗೆ ಹೂಡಿದ ದಿನ ಯಾವುದು, ಶೇಂಗಾ ಎಷ್ಟು ಚೀಲ ಬಿತ್ತಿ ಎಷ್ಟು ಚೀಲ ಬಂದಿತು, ಎಲ್ಲವೂ ಅಲ್ಲಿದ್ದವು. ಇಷ್ಟನ್ನು ಬರೆದಿಡುವ ರೈತರು ಬೇರೆಯವರೂ ಇದ್ದಾರು. ಮಾವನ ವೈಶಿಷ್ಟ್ಯವಿದ್ದದ್ದು ಇನ್ನೊಂದು ಸಾಲಿನಲ್ಲಿ. ಪ್ರತಿ ವರ್ಷವೂ ಮೈಲಾರದಿಂದ ಕಾರಣಿಕದ ವಾಕ್ಯ ಬಂದ ಸಂಜೆಯೇ ಅವರು ಅದನ್ನು ಗೋಡೆಯ ಮೇಲೆ ಬರೆದು, ಅದರ ಕೆಳಗೆ ತಮಗೆ ಹೊಳೆದ ಅರ್ಥವನ್ನೂ ಬರೆದು, ಒಂದು ಗೆರೆ ಎಳೆದುಬಿಡುತ್ತಿದ್ದರು. ಗೆರೆ ಎಳೆದ ಮೇಲೆ ತಿದ್ದುವಂತಿಲ್ಲ. ಸುಗ್ಗಿ ಮುಗಿದ ಮೇಲೆ ಆ ಗೆರೆಯ ಕೆಳಗೆ ನಡೆದದ್ದನ್ನು ಬರೆಯುವುದು.

‘ದೇವರ ಮಾತನ್ನು ಹೀಗೆ ಪರೀಕ್ಷೆ ಮಾಡಬಹುದೇ ಮಾವ?’ ಎಂದು ಕಾಲೇಜಿಗೆ ಸೇರಿದ ಹೊಸತರಲ್ಲಿ ನಾನು ಕೇಳಿದ್ದೆ.

‘ದೇವರ ಮಾತನ್ನ ಯಾರು ಪರೀಕ್ಷೆ ಮಾಡ್ತಾರೋ ಅಳಿಯಾ? ಕಾರಣಿಕ ಎಂದೂ ಸುಳ್ಳಾಗಂಗಿಲ್ಲ. ಸುಳ್ಳಾಗೋದು ನಮ್ಮ ಅರ್ಥ. ಅವತ್ತೇ ಬರೆದಿಟ್ರೆ ಎಲ್ಲಿ ಸುಳ್ಳಾತು ಅಂತ ಗೊತ್ತಾಗ್ತೈತಿ. ಬರೀದಿದ್ರೆ ಮನಸ್ಸು ಅದನ್ನೂ ತಿಂದ್ಹಾಕ್ತೈತಿ’ ಎಂದರು.

ಮಗನ ಮದುವೆಗೆಂದು ಮನೆಗೆ ಸುಣ್ಣ ಹೊಡೆದಾಗ ಹದಿನೆಂಟು ವರ್ಷಗಳ ಆ ಗೋಡೆ ಒಂದೇ ಬೆಳಗಿನಲ್ಲಿ ಬೆಳ್ಳಗಾಯಿತು. ನಾನು ಕಂಗಾಲಾದೆ. ಮಾವ ಬೇಸರಪಟ್ಟಂತೆ ಕಾಣಲಿಲ್ಲ. ಬಂದ ಬೀಗರಿಗೆ ಎಲೆಯಡಿಕೆ ಕೊಡುವ ಗಡಿಬಿಡಿಯಲ್ಲಿದ್ದರು. ಅದೇ ಮುಂಗಾರಿನಲ್ಲಿ ಹೊಸ ಸುಣ್ಣದ ಮೇಲೆ ಹೊಸ ಇದ್ದಿಲಿನ ಸಾಲುಗಳು ಮತ್ತೆ ಎದ್ದವು.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಸೊಗಸಾದ ಪದವಿದೆ: ಮೆಲುಕು. ದನ ಹೊಲದಲ್ಲಿ ಮೇಯುವಾಗ ಅವಸರದಿಂದ ಮೇಯುತ್ತದೆ. ಯಾರಾದರೂ ಅಟ್ಟಿಯಾರೆಂಬ ಹೆದರಿಕೆ ಅದಕ್ಕೆ. ಆಮೇಲೆ ಬೇವಿನ ನೆರಳಿಗೆ ಬಂದು, ಕಾಲು ಮಡಿಸಿ ಮಲಗಿ, ನುಂಗಿದ್ದನ್ನು ಮರಳಿ ಬಾಯಿಗೆ ತಂದುಕೊಂಡು ಅಗಿಯುತ್ತದೆ. ಮೈಗೆ ಹತ್ತುವುದು ಈ ಎರಡನೆಯ ಅಗಿತದಿಂದ. ಮೆಲುಕು ಹಾಕದ ದನವನ್ನು ಕಂಡರೆ ರೈತ ಪಶುವೈದ್ಯರಲ್ಲಿಗೆ ಓಡುತ್ತಾನೆ. ಮೆಲುಕು ಹಾಕದ ಮೇಷ್ಟರನ್ನು ಕಂಡರೆ ಸರ್ಕಾರ ಬಡ್ತಿ ಕೊಡುತ್ತದೆ.

ಶ್ರವಣ, ಮನನ, ನಿದಿಧ್ಯಾಸನ ಎಂದು ಹಿರಿಯರು ಕಲಿಕೆಯ ಮೆಟ್ಟಿಲುಗಳನ್ನು ಹೇಳಿದರು. ಕೇಳುವುದು ಮೊದಲ ಮೆಟ್ಟಿಲು ಮಾತ್ರ. ನಮ್ಮ ಶರಣರು ಅನುಭವ, ಅನುಭಾವ ಎಂಬ ಎರಡು ಮಾತುಗಳನ್ನು ಬಳಸಿದರು. ಬರಹದಲ್ಲಿ ನೋಡಿದರೆ ಇವೆರಡರ ನಡುವೆ ಇರುವುದು ಒಂದು ದೀರ್ಘ. ಆ ದೀರ್ಘಕ್ಕೆ ತಗಲುವ ಕಾಲವೇ ಮನುಷ್ಯನಿಗೆ ಸಿಗುವುದಿಲ್ಲವೆಂದು ಕಾಣುತ್ತದೆ. ಅಮೆರಿಕೆಯ ಜಾನ್ ಡ್ಯೂಯಿ 1910ರಲ್ಲಿ ಆಲೋಚನೆಯನ್ನು ಕುರಿತು ಬರೆದ ಪುಸ್ತಕದಲ್ಲಿ, ನಿಜವಾದ ವಿಚಾರ ಹುಟ್ಟುವುದು ಗೊಂದಲದಿಂದ, ಕಾಲು ತಡೆದು ನಿಲ್ಲುವ ಕವಲುದಾರಿಯಿಂದ ಎಂಬ ಅಭಿಪ್ರಾಯವಿದೆ. ಅದೇ ದೇಶದ ಡೊನಾಲ್ಡ್ ಷಾನ್ 1983ರಲ್ಲಿ ಇದನ್ನು ವೃತ್ತಿಗಳಿಗೆ ಅನ್ವಯಿಸಿದ. ಕುಶಲನಾದ ಕೆಲಸಗಾರ ಕೈ ಆಡುತ್ತಿರುವಾಗಲೇ ಒಂದು ಬಗೆಯಲ್ಲಿ ವಿಚಾರ ಮಾಡುತ್ತಾನೆ, ಕೈ ತೊಳೆದ ಮೇಲೆ ಇನ್ನೊಂದು ಬಗೆಯಲ್ಲಿ ಮಾಡುತ್ತಾನೆ ಎಂಬುದು ಅವನ ವಿಭಾಗ. ಇಬ್ಬರನ್ನೂ ನಾನು ಗೌರವದಿಂದ ಓದಿದ್ದೇನೆ. ಆದರೂ ಮಾವನ ಗೆರೆಯಷ್ಟು ಹರಿತವಾದದ್ದು ನನಗೆ ಅಲ್ಲಿ ಸಿಗಲಿಲ್ಲ.

ಈ ವಿಚಾರ ನಮ್ಮ ಸರ್ಕಾರಗಳಿಗೂ ತಲುಪಿಲ್ಲವೆಂದಲ್ಲ, ತಲುಪಿರುವುದೇ ತೊಂದರೆ. ಕಾಲೇಜು ಅಧ್ಯಾಪಕರಿಗೆ ಪುನಶ್ಚೇತನ ಶಿಬಿರಗಳೆಂಬುವುಗಳಿವೆ. ಹೋಗಿ ಕುಳಿತು, ಚಹಾ ಕುಡಿದು, ಭಾಷಣ ಕೇಳಿ, ಪ್ರಮಾಣಪತ್ರದೊಡನೆ ಮರಳಿದರೆ ಬಡ್ತಿಯ ಕಡತಕ್ಕೆ ಒಂದು ಹಾಳೆ ಸೇರುತ್ತದೆ. ಅಲ್ಲಿ ಒಳ್ಳೆಯ ಭಾಷಣಗಳನ್ನು ಕೇಳಿದ್ದೇನೆ, ಸುಳ್ಳಾಡಲಾರೆ. ಆದರೆ ‘ನಿಮ್ಮ ತರಗತಿಯಲ್ಲಿ ಕಳೆದ ವಾರ ಏನಾಯಿತು?’ ಎಂದು ಅಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಇನ್ನು 2015ರಲ್ಲಿ ಬಿ.ಎಡ್. ವ್ಯಾಸಂಗ ಎರಡು ವರ್ಷದ್ದಾದಾಗ, ಓದಿದ್ದನ್ನು ಕುರಿತು ಚಿಂತಿಸುವುದು, ತನ್ನನ್ನು ತಾನು ಅರಿಯುವುದು ಎಂಬುವೂ ಪಠ್ಯದೊಳಗೆ ಬಂದವು. ಭಾವೀ ಶಿಕ್ಷಕರು ದಿನದಿನದ ಆತ್ಮಾವಲೋಕನವನ್ನು ಬರೆದೊಪ್ಪಿಸಬೇಕು. ಉದ್ದೇಶ ಉತ್ತಮವಾದದ್ದೇ. ಫಲಿತಾಂಶವೇನಾಯಿತೆಂಬುದನ್ನು ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನೋಡಬೇಕು. ಹಿಂದಿನ ವರ್ಷದವರು ಬರೆದ ಆತ್ಮಾವಲೋಕನ ಅಲ್ಲಿ ಪ್ರತಿಗಿಷ್ಟೆಂದು ಸಿಗುತ್ತದೆ. ನಲವತ್ತು ಮಂದಿಯ ಅಂತರಂಗದಲ್ಲಿ ಒಂದೇ ದಿನ, ಒಂದೇ ವಾಕ್ಯದಲ್ಲಿ, ಒಂದೇ ಕಾಗುಣಿತದ ತಪ್ಪಿನೊಡನೆ ಜ್ಞಾನೋದಯವಾಗುವ ಪವಾಡ ಬುದ್ಧನ ಕಾಲದಲ್ಲಿಯೂ ನಡೆದಿರಲಾರದು. ಆದರೂ ನಾನು ಆ ಮಕ್ಕಳನ್ನು ದೂರುವುದಿಲ್ಲ. ಒಪ್ಪಿಸುವುದಕ್ಕಾಗಿ ಬರೆಯುವ ಅಂತರಂಗ ಹಾಗಲ್ಲದೆ ಬೇರೆ ಹೇಗಿದ್ದೀತು?

ಕೊಟ್ಟೂರಿನ ಬಳಿಯ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯಿದೆ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ನಮ್ಮ ಜನರ ಮಾತು. ಉಜ್ಜಿನಿಯ ಕೆತ್ತನೆಯ ಸೊಬಗೆಲ್ಲ ಒಳಗಿರುವುದರಿಂದ ಹುಟ್ಟಿದ ಮಾತದು. ತನಿಖೆಗೆ ಬರುವ ಅಧಿಕಾರಿಗಳು ಉಜ್ಜಿನಿಗೂ ಹೋಗಿ ಹೊರಗೇ ನಿಂತು ಅಳತೆ ತೆಗೆದುಕೊಂಡು ಬರುವವರು.

ಹಗರಿಬೊಮ್ಮನಹಳ್ಳಿಯಲ್ಲಿ ನಿವೃತ್ತರಾದ ಪ್ರೌಢಶಾಲೆಯ ಮೇಷ್ಟರೊಬ್ಬರಿದ್ದಾರೆ. ಸೇವೆಯಲ್ಲಿದ್ದಾಗ ಶಾಲೆ ಬಿಟ್ಟ ಮೇಲೆ ಅವರು ಮನೆಗೆ ಹೋಗದೆ ಕಾಲುಗಂಟೆ ಹೊತ್ತು ಅರಳಿಕಟ್ಟೆಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದಾರೆಂದೇ ಊರವರು ತಿಳಿದಿದ್ದರು. ‘ಇಷ್ಟು ಹೊತ್ತು ಪಾಠ ಹೇಳಿದೆನಪ್ಪ, ಈಗ ಅದನ್ನು ನಾನು ಕೇಳಬೇಡವೇ?’ ಎಂದು ಒಮ್ಮೆ ನನಗೆ ಹೇಳಿದರು. ಮಾವನ ಗೋಡೆಯ ಸಂಗತಿಯನ್ನು ಅವರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ಬರೆದರೆ ಅದು ಲೆಕ್ಕವಾಗುತ್ತದೆ, ಲೆಕ್ಕವಾದದ್ದನ್ನು ಯಾರಿಗೋ ಒಪ್ಪಿಸಬೇಕೆನಿಸುತ್ತದೆ. ಸುಮ್ಮನೆ ಕೂರುವುದೇ ಮೇಲು ಎಂಬುದು ಅವರ ಪಕ್ಷ. ಅವರ ಮಾತಿನಲ್ಲಿ ಸತ್ವವಿದೆ. ಆದರೆ ಮೂವತ್ತೈದು ವರ್ಷ ಸುಮ್ಮನೆ ಕುಳಿತು ಪಾಠವನ್ನು ಕೇಳಿಸಿಕೊಳ್ಳಬಲ್ಲ ಮನಸ್ಸು ಎಲ್ಲರಿಗೂ ಇರುವುದಿಲ್ಲ. ನನ್ನದು ಕಟ್ಟೆಯ ಮೇಲೆ ಕುಳಿತರೆ ನೇರವಾಗಿ ಊಟದ ಕಡೆಗೆ ಹೋಗುವ ಮನಸ್ಸು. ಆದ್ದರಿಂದ ನಾನು ಮಾವನ ಪಕ್ಷ.

ನನ್ನ ಗೋಡೆಯೆಂದರೆ ಹತ್ತು ರೂಪಾಯಿಯ ಒಂದು ನೋಟುಬುಕ್ಕು. ವಾಸ ಕೊಟ್ಟೂರಿನಲ್ಲಿ, ಕೆಲಸ ಹರಪನಹಳ್ಳಿಯಲ್ಲಿ. ದಾರಿಯಲ್ಲಿ ಹೋಗುವಾಗ ಎಡಗಡೆಯ ಪುಟದಲ್ಲಿ ಆ ದಿನದ ಪಾಠವನ್ನು ಕುರಿತು ನನ್ನ ಎಣಿಕೆಯನ್ನು ಬರೆಯುತ್ತೇನೆ: ಎಲ್ಲಿ ನಕ್ಕಾರು, ಎಲ್ಲಿ ತೂಕಡಿಸಿಯಾರು, ಯಾವ ಪದ ಕೇಳಿಯಾರು. ಮರಳುವಾಗ ಬಲಗಡೆಯಲ್ಲಿ ನಡೆದದ್ದು. ನಡುವೆ ಹೊಲಿಗೆಯಿರುವುದರಿಂದ ಗೆರೆ ಎಳೆಯಬೇಕಾಗಿಲ್ಲ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಇಷ್ಟು ಜಿಲ್ಲೆಗಳನ್ನು ಕಂಡರೂ ದಾರಿಯ ಗುಂಡಿಗಳಿಗೆ ಸ್ಥಳಾಂತರದ ಆಜ್ಞೆ ಬಂದಂತಿಲ್ಲ. ಹೀಗಾಗಿ ನನ್ನ ಅಕ್ಷರಗಳನ್ನು ನಾನೊಬ್ಬನೇ ಓದಬಲ್ಲೆ. ಅದೂ ಒಂದು ಅನುಕೂಲವೇ.

ಹರಪನಹಳ್ಳಿಯೆಂದ ಮೇಲೆ ಬೀಚಿಯವರನ್ನು ನೆನೆಯದೆ ಮುಂದೆ ಹೋಗಲಾಗದು. 1913ರಲ್ಲಿ ಹುಟ್ಟಿದ ಈ ಊರಿನ ಮಗ ಅವರು. ಕನ್ನಡದಲ್ಲಿ ಓದತಕ್ಕದ್ದೇನಿದೆಯೆಂದು ಮೂಗು ಮುರಿಯುತ್ತಿದ್ದ ತರುಣ, ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ವನ್ನು ಓದಿ, ತನ್ನ ಅಭಿಪ್ರಾಯವನ್ನೇ ಮತ್ತೊಮ್ಮೆ ತೆಗೆದು ನೋಡಿ, ಕನ್ನಡದ ದೊಡ್ಡ ಹಾಸ್ಯಲೇಖಕನಾದ ಕಥೆ ಎಲ್ಲರಿಗೂ ಗೊತ್ತಿರತಕ್ಕದ್ದು. ಆತ್ಮಚರಿತ್ರೆಗೆ ಅವರಿಟ್ಟ ಹೆಸರು ‘ಭಯಾಗ್ರಫಿ’. ನಗಿಸುವುದಕ್ಕಾಗಿ ಇಟ್ಟದ್ದಿರಬಹುದು, ನನಗೇನೋ ಅದು ಅಚ್ಚುಕಟ್ಟಾದ ನಿರೂಪಣೆಯೆಂದೇ ತೋರುತ್ತದೆ. ನಾವು ಮೆಲುಕು ಹಾಕದಿರುವುದು ಪುರಸತ್ತಿಲ್ಲದೆ ಅಲ್ಲ, ಭಯದಿಂದ. ಹಿಂದಿರುಗಿ ನೋಡಿದರೆ ಅಲ್ಲಿ ಯಾರು ನಿಂತಿರುತ್ತಾರೋ ಎಂಬ ಭಯ.

ನನ್ನ ನೋಟುಬುಕ್ಕಿನ ಒಂದು ಪುಟವನ್ನು ಮಾತ್ರ ಇಲ್ಲಿ ತೆರೆಯುತ್ತೇನೆ. ಆ ದಿನ ಪಾಠ ರಾಘವಾಂಕನ ಹರಿಶ್ಚಂದ್ರಕಾವ್ಯದ್ದು. ರಾಘವಾಂಕ ನಮ್ಮ ಪಕ್ಕದ ಹಂಪೆಯವನು, ಹರಿಹರನ ಸೋದರಳಿಯ. (ಅಳಿಯಂದಿರು ಮಾವಂದಿರಿಂದ ಕಲಿಯುವುದು ಈ ಸೀಮೆಗೆ ಹೊಸತಲ್ಲ.) ಎಡಪುಟದಲ್ಲಿ ಹೀಗಿದೆ: ‘ಲೋಹಿತಾಶ್ವನ ಮರಣಕ್ಕೆ ಹಿನ್ನೆಲೆ ಸಿದ್ಧಪಡಿಸುವುದು. ನಕ್ಷತ್ರಕನ ಭಾಗಕ್ಕೆ ನಗು ಬಂದೀತು. ಕರುಣರಸ ನಾಳೆಗೆ.’

ವಿಶ್ವಾಮಿತ್ರನ ಸಾಲಕ್ಕಾಗಿ ನಕ್ಷತ್ರಕ ರಾಜನ ಬೆನ್ನು ಹತ್ತಿ ಕಾಡುವ ಸನ್ನಿವೇಶವನ್ನು ಹೇಳುತ್ತಿದ್ದೆ. ಹುಡುಗನೊಬ್ಬ ಎದ್ದು, ‘ಅಷ್ಟೊಂದು ಕಷ್ಟ ಯಾಕೆ ಸರ್, ರಾತ್ರೋರಾತ್ರಿ ಊರು ಬಿಟ್ಟು ಹೋಗಬಹುದಿತ್ತಲ್ಲ?’ ಎಂದ. ತರಗತಿ ನಕ್ಕಿತು. ಅಲ್ಲಿಯವರೆಗೆ ಎಡಪುಟದಂತೆಯೇ ನಡೆದಿತ್ತು. ಆಗ ಕಿಟಕಿಯ ಬಳಿ ಕೂರುತ್ತಿದ್ದ ಹುಡುಗಿ ಕುಳಿತಲ್ಲಿಂದಲೇ, ನನಗಲ್ಲ, ಆ ಹುಡುಗನಿಗೆ ಹೇಳಿದಳು: ‘ಹಂಗ ಹೋಗಾಕ ಬರಂಗಿಲ್ಲ. ಮುಂಗಡ ತಗೊಂಡೋರು ಹೋಗಾಕ ಬರಂಗಿಲ್ಲ.’

ಅವಳು ಬರುತ್ತಿದ್ದದ್ದು ತಾಲ್ಲೂಕಿನ ಒಂದು ತಾಂಡಾದಿಂದ. ದೀಪಾವಳಿಯ ಸುಮಾರಿಗೆ ಅಲ್ಲಿಯ ಮನೆಗಳಿಗೆ ಬೀಗ ಬೀಳುತ್ತದೆ. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದವರು ಮಂಡ್ಯದ ಕಡೆಗೆ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಉಳಿಯುವವರು ಮುದುಕರು, ಓದುವ ಮಕ್ಕಳು. ಹುಡುಗ ಕುಳಿತುಬಿಟ್ಟ. ನಗು ನಿಂತಿತು. ಒಬ್ಬೊಬ್ಬರಾಗಿ ಮಾತು ಹೊರಟವು: ಜೋಡಿಗೆ ಎಷ್ಟು ಮುಂಗಡ, ಕಾಯಿಲೆ ಬಿದ್ದರೆ ಯಾರ ಲೆಕ್ಕಕ್ಕೆ, ನಡುವೆ ಬಿಟ್ಟುಬಂದ ಒಬ್ಬ ಚಿಕ್ಕಪ್ಪನನ್ನು ಹೇಗೆ ಕರೆದೊಯ್ದರು. ಚಂದ್ರಮತಿಯನ್ನು ಮಗನೊಡನೆ ಕೊಂಡುಕೊಂಡ ಬ್ರಾಹ್ಮಣ ಮಗನಿಗೂ ಬೇರೆ ಹಣ ಕೊಟ್ಟನೋ ಅಥವಾ ಜೋಡಿಯ ಲೆಕ್ಕವೋ ಎಂದು ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದಿತು. ಆ ಬೆಂಚಿನಿಂದ ಅದಕ್ಕೆ ಮುಂಚೆ ನನಗೆ ಪ್ರಶ್ನೆ ಬಂದದ್ದಿಲ್ಲ. ಬಲಪುಟದಲ್ಲಿ ಎರಡೇ ಸಾಲು: ‘ಮುಂಗಡ. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.’

ಬರೆದಿರದಿದ್ದರೆ ಏನಾಗುತ್ತಿತ್ತು? ಮನೆ ಸೇರುವ ಹೊತ್ತಿಗೆ ಅದು ‘ಇಂದು ಪಾಠ ಚೆನ್ನಾಗಿ ನಡೆಯಿತು’ ಎಂಬ ಸಂತೋಷವಾಗಿ, ನಾಳೆಗೆ ಅದೂ ಆರಿಹೋಗುತ್ತಿತ್ತು. ಎಡಪುಟದ ಪಕ್ಕದಲ್ಲಿ ಇಟ್ಟು ನೋಡಿದಾಗ ಮಾತ್ರ ಆ ಎರಡು ಸಾಲಿನ ಬೆಲೆ ತಿಳಿದದ್ದು. ಮರುವರ್ಷ ನಾನು ಕಾವ್ಯವನ್ನು ಕವಿಚರಿತ್ರೆಯಿಂದ ಆರಂಭಿಸಲಿಲ್ಲ. ಮುಂಗಡವೆಂದರೇನೆಂದು ಕೇಳಿ, ಉತ್ತರಗಳನ್ನು ಹಲಗೆಯ ಮೇಲೆ ಬರೆದು, ಆಮೇಲೆ ಪದ್ಯಕ್ಕೆ ಹೋದೆ. ಇನ್ನೊಂದು ಬೇಸಿಗೆಯಲ್ಲಿ ಮೂರು ವರ್ಷದ ಪುಸ್ತಕಗಳನ್ನು ಒಟ್ಟಿಗೆ ಓದಿದಾಗ, ‘ಹಿಂದಿನ ಬೆಂಚು ಖಾಲಿ’ ಎಂಬ ಮಾತು ಮೂರು ವರ್ಷವೂ ದೀಪಾವಳಿಯ ಆಚೆಗೇ ಬರುವುದು ಕಣ್ಣಿಗೆ ಬಿದ್ದಿತು. ಒಂದೊಂದು ದಿನದ ಟಿಪ್ಪಣಿಯಲ್ಲಿ ಕಾಣುವಂಥದಲ್ಲ ಅದು. ಓದುವ ಮಕ್ಕಳಲ್ಲಿಯೂ ಕೆಲವರು ಕಬ್ಬಿಗೆ ಹೋಗುತ್ತಿದ್ದರು. ಈಗ ಹರಿಶ್ಚಂದ್ರಕಾವ್ಯವನ್ನು ಹಬ್ಬಕ್ಕೆ ಮೊದಲೇ ಮುಗಿಸುತ್ತೇನೆ. ಅವರನ್ನು ತಡೆದು ನಿಲ್ಲಿಸುವ ಶಕ್ತಿ ನನ್ನ ನೋಟುಬುಕ್ಕಿಗಿಲ್ಲ. ಹೋಗುವವರು ಆ ಕಾವ್ಯವನ್ನಾದರೂ ಕೇಳಿ ಹೋಗಲಿ ಎಂದು.

ಕಿಟಕಿಯ ಬಳಿಯ ಆ ಹುಡುಗಿ ಪದವಿ ಮುಗಿಸಿದಳು. ತಾಂಡಾದಿಂದ ಹೊರಗೆ ಹೋಗಿ ಬಿ.ಎಡ್. ಸೇರಿದ ಹೆಣ್ಣುಮಕ್ಕಳಲ್ಲಿ ಅವಳೇ ಮೊದಲಿಗಳಂತೆ. ಮೊನ್ನೆ ಸಂಜೆ ದೂರವಾಣಿ ಮಾಡಿದಳು. ಆತ್ಮಾವಲೋಕನದ ಪುಸ್ತಕವನ್ನು ಸೋಮವಾರ ಒಪ್ಪಿಸಬೇಕು, ಜೊತೆಯವರೆಲ್ಲ ಅಂಗಡಿಯಿಂದ ಪ್ರತಿ ತಂದು ಬರೆಯುತ್ತಿದ್ದಾರೆ, ಅವಳು ತಂದಿಲ್ಲ. ಹಣವಿಲ್ಲದೆ ಅಲ್ಲ. ಅಭ್ಯಾಸಪಾಠಕ್ಕೆಂದು ಹೋದ ಶಾಲೆಯಲ್ಲಿ ಆರನೆಯ ತರಗತಿಯ ಒಬ್ಬ ಹುಡುಗ ದಿನವೂ ತೂಕಡಿಸುತ್ತಾನೆ. ಅವನ ತಂದೆತಾಯಿ ಎಲ್ಲಿದ್ದಾರೆಂಬುದು ಅವಳಿಗೆ ಕೇಳದೆಯೇ ತಿಳಿಯಿತು. ಅಂದಿನಿಂದ ಅವನನ್ನು ಕುರಿತು ಹನ್ನೊಂದು ಪುಟ ಬರೆದಿದ್ದಾಳೆ.

‘ಅದರೊಳಗೆ ನಮ್ಮ ತಾಂಡಾದ ಸುದ್ದಿಯೂ ಬಂದಿದೆ ಸರ್. ಇಂಥದಕ್ಕೆ ಅಂಕ ಕೊಡುತ್ತಾರೆಯೇ? ಇಲ್ಲವಾದರೆ ಇವತ್ತೇ ಪ್ರತಿ ತಂದು ರಾತ್ರಿ ಕುಳಿತು ಬರೆದುಬಿಡುತ್ತೇನೆ’ ಎಂದಳು.

ಅಂಕ ಕೊಡುವವರು ಯಾರೋ ನಾನರಿಯೆ. ಇದ್ದುದನ್ನೇ ಒಪ್ಪಿಸು ಎಂದೆ. ಒಪ್ಪಿಸುವ ಮುನ್ನ, ಎಷ್ಟು ಅಂಕ ಬಂದೀತೆಂದು ಅವಳಿಗನ್ನಿಸುತ್ತದೆಯೋ ಅದನ್ನು ತನ್ನ ಬೇರೆ ಪುಸ್ತಕದಲ್ಲಿ ಬರೆದು ಕೆಳಗೆ ಒಂದು ಗೆರೆ ಎಳೆದಿಡಲು ಹೇಳಿದೆ.